ಅಂದರೆ ಮೇಷ್ಟ್ರ ಮೊಮ್ಮಗಳು

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಬೀದಿಯವರೆಲ್ಲ ಅವರನ್ನು 'ಅಂದರೆ ಮೇಷ್ಟ್ರು' ಎನ್ನುತ್ತಿದ್ದರು. ಯಾರು ಏನೇ ಹೇಳಲಿ, "ಅಂದರೆ?" ಎಂದು ತಡೆದು ನಿಲ್ಲಿಸುವುದು ಅವರ ಚಾಳಿ. "ಮಳೆ ಬರೋ ಹಾಗಿದೆ" ಎಂದರೂ, "ಅಂದರೆ? ಮೋಡ ಆಗಿದೆಯೋ, ಹನಿ ಬಿದ್ದಿದೆಯೋ?" ಎಂದು ಕೇಳುವ ಮನುಷ್ಯ. ಹಾಲು ಹಾಕುವವಳಂತೂ ಅವರ ಮನೆ ಮುಂದೆ ಬಾಯಿಗೆ ಬೀಗ ಹಾಕಿಕೊಂಡೇ ಹೋಗುತ್ತಿದ್ದಳು.

ಅವರಿಗೆ ಕೆಲಸ ನಿಘಂಟಿನ ಕಚೇರಿಯಲ್ಲಿ. ಮುದ್ರಣಾಲಯದ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ಮೂರು ಮೇಜು: ವಿಜ್ಞಾನದ್ದೊಂದು, ಕಾನೂನಿನದೊಂದು, ಕಲೆಯದೊಂದು. ಕೆಳಗೆ ಯಂತ್ರ ಓಡಿದರೆ ಮೇಲೆ ಶಾಯಿ ಕುಡಿಕೆ ನಡುಗುತ್ತಿತ್ತು. ತಾತನ ಕಾಲದ ನಿಘಂಟುಗಳನ್ನು ಮುಂದಿಟ್ಟುಕೊಂಡು, ತಿದ್ದಿ ತೀಡಿ ಹೊಸದನ್ನು ಕಟ್ಟಬೇಕಿತ್ತು. ಮೇಷ್ಟ್ರದು ವಿಜ್ಞಾನದ ಮೇಜು.

ಹಳಬರು ಕೊಟ್ಟ ಅರ್ಥಗಳು ಒಂದೊಂದು ಸಲ ನಗಿಸುತ್ತಿದ್ದವು. ಕಾನೂನಿನ ಭಾಗದಲ್ಲಿ, 'ಕಳ್ಳ: ಒಡೆಯನು ನೋಡದಿರುವಾಗ ಒಯ್ಯುವವನು, ನೋಡುತ್ತಿರುವಾಗಲೇ ಒಯ್ದರೆ ದರೋಡೆಗಾರ.' ಕಲೆಯ ಭಾಗದಲ್ಲಿ, 'ನೆರಳು: ಬೆಳಕನ್ನು ತೋರಿಸಲು ಚಿತ್ರಗಾರನು ಬಳಿಯುವ ಕಪ್ಪು.' ವಿಜ್ಞಾನದಲ್ಲಿ, 'ಹೃದಯ: ಎದೆಯ ಎಡಕ್ಕಿರುವ ಮುಷ್ಟಿಗಾತ್ರದ ಮಾಂಸ, ದುಃಖದ ಮನೆ.' ಮೇಷ್ಟ್ರು ಕೆಂಪು ಶಾಯಿಯಲ್ಲಿ 'ದುಃಖದ ಮನೆ'ಯನ್ನು ಹೊಡೆದುಹಾಕಿ, "ದುಃಖಕ್ಕೆ ಮನೆ ಬೇಕಿದ್ದರೆ ಕಲೆಯವರು ಕಟ್ಟಿಕೊಡಲಿ" ಎಂದಾಗ ಮೂರು ಮೇಜೂ ನಕ್ಕಿದ್ದವು. ಹಾಗೆಯೇ 'ಮೃತಜಾತ' ಎಂಬಲ್ಲಿ ಹಳಬರು 'ಸತ್ತು ಹುಟ್ಟಿದ ಕೂಸು' ಎಂದು ಬರೆದಿದ್ದರು. ಉಸಿರೇ ಆಡದ್ದು ಕೂಸು ಹೇಗಾದೀತು? ಮೇಷ್ಟ್ರು ಅದನ್ನು 'ಉಸಿರಾಡದೆ ಹೊರಬಂದ, ಪೂರ್ತಿ ಬೆಳೆದ ಪಿಂಡ' ಎಂದು ತಿದ್ದಿದರು. ಆವತ್ತು ತಿದ್ದಿದ ಹತ್ತಾರು ಪದಗಳಲ್ಲಿ ಅದೂ ಒಂದು, ಅಷ್ಟೆ.

ಮನೆಯಲ್ಲಿ ಇದ್ದದ್ದು ಅವರು ಮತ್ತು ಮಗಳು. ತಾಯಿ ತೀರಿಕೊಂಡಾಗ ಅವಳಿಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಮೇಷ್ಟ್ರು ಕಲಿತು ಹಾಕಿದರು. ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕಿದರು. ಅವಳು ಬೆಳೆದು, ಮದುವೆಯಾಗಿ ಪಕ್ಕದ ಊರಿಗೆ ಹೋದಳು. ದಿನ ತುಂಬಿದಾಗ, ದೊಡ್ಡ ಆಸ್ಪತ್ರೆ ಹತ್ತಿರವಿದೆ ಎಂದು ಅಪ್ಪನ ಮನೆಗೆ ಬಂದಳು.

ನೋವು ಶುರುವಾದಾಗ ಅಳಿಯ ಇನ್ನೂ ದಾರಿಯಲ್ಲಿದ್ದ. ಹೆಣ್ಣು ಹುಟ್ಟಿತು, ಅಳಲಿಲ್ಲ. ದಾದಿ ಬೆನ್ನು ಉಜ್ಜಿದಳು, ಅಂಗಾಲು ತಟ್ಟಿದಳು. ಡಾಕ್ಟರು ತಲೆಯಾಡಿಸಿದರು. ಹೆರಿಗೆ ಕೋಣೆಯ ಹೊರಗೆ ಗುಮಾಸ್ತ ಮೆಲ್ಲಗೆ ಕೇಳಿದ:

"ಮಗು ತೀರಿಕೊಂಡಿತು ಅಂತ ಬರೀಲಾ, ಯಜಮಾನ್ರೇ?"

ಮೇಷ್ಟ್ರು ಬಿದ್ದುಹೋಗದಂತೆ ಏನನ್ನಾದರೂ ಹಿಡಿದುಕೊಳ್ಳಬೇಕಿತ್ತು. ಸಿಕ್ಕಿದ್ದು ಹಳೆಯ ಅಭ್ಯಾಸ ಒಂದೇ.

"ಮಗು ಅಲ್ಲ. ಉಸಿರೇ ಆಡಿಲ್ಲವಲ್ಲ. ಮೃತಜಾತ ಪಿಂಡ ಅಂತ ಬರೀರಿ. ಅದು ಸರಿಯಾದ ಪದ."

ಬಾಗಿಲು ತೆರೆದೇ ಇತ್ತು. ಒಳಗಿನಿಂದ ಮಗಳ ದನಿ ಬಂತು: "ಅಪ್ಪಾ, ಏನಂದೆ?"

ಮೇಷ್ಟ್ರು ಒಳಗೆ ಹೋಗಲಿಲ್ಲ.

ಅಳಿಯ ಬಂದು ಕೂಸನ್ನು ಕೇಳುವಷ್ಟರಲ್ಲಿ ಆಸ್ಪತ್ರೆಯವರು ಅದನ್ನು ಒಯ್ದಾಗಿತ್ತು. ಪಿಂಡ ಎಂದು ಬರೆಸಿದ್ದನ್ನು ಮನೆಯವರಿಗೆ ಕೊಡುವ ರೂಢಿ ಅಲ್ಲಿರಲಿಲ್ಲ. ಅಂಥ ಬೇರೆಯವುಗಳ ಜೊತೆ ಅದೂ ಸ್ಮಶಾನಕ್ಕೆ ಹೋಗಿತ್ತು. ಮೇಷ್ಟ್ರು ಕಾನೂನಿನ ಮೇಜಿನ ಗೆಳೆಯನ ಬಳಿ ಓಡಿದರು. ಆತ ಹೇಳಿದ: "ಮಗು ಅಂತ ಬರೆಸಿದ್ದರೆ ಕೊಡ್ತಿದ್ದರು ಕಣಯ್ಯಾ. ಪಿಂಡಕ್ಕೆ ಕಾನೂನಿನಲ್ಲಿ ಅಪ್ಪ ಅಮ್ಮ ಇಲ್ಲ."

ಮಗಳು ಆಸ್ಪತ್ರೆಯಿಂದಲೇ ಗಂಡನ ಜೊತೆ ಹೊರಟುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಷ್ಟ್ರು ಎರಡು ಸಲ ಬಸ್ಸು ಹತ್ತಿ ಹೋಗಿ, ಅವಳ ಬೀದಿಯ ತಿರುವಿನಿಂದಲೇ ವಾಪಸು ಬಂದರು. ಕಚೇರಿಯಲ್ಲಿ ಪ್ರಧಾನ ಸಂಪಾದಕರ ಮುಂದೆ ನಿಂತು, ಆ ಪದಕ್ಕೆ ಹಳೆಯ ಅರ್ಥವನ್ನೇ ಹಾಕಿ ಎಂದು ಬೇಡಿಕೊಂಡರು. ಆ ಹಾಳೆ ಆಗಲೇ ಅಚ್ಚಾಗಿ ಪುಸ್ತಕದ ಹೊಲಿಗೆಗೆ ಹೋಗಿತ್ತು.

"ನೀವು ತಿದ್ದಿದ್ದರಲ್ಲಿ ತಪ್ಪೇನೂ ಇಲ್ಲವಲ್ಲ?" ಎಂದರು ಸಂಪಾದಕರು, ಸಮಾಧಾನ ಹೇಳುವ ಹಾಗೆ.

"ಇಲ್ಲ, ತಪ್ಪಿಲ್ಲ" ಎಂದು ಮೇಷ್ಟ್ರು ತಮ್ಮ ಮೇಜಿಗೆ ಮರಳಿದರು. ಅವತ್ತು ಅವರು ಒಂದು ಪದವನ್ನೂ ಬರೆಯಲಿಲ್ಲ.

ಆಮೇಲೆ ಅವರು ಸ್ಮಶಾನಕ್ಕೆ ಹೋಗತೊಡಗಿದರು. ಕಾವಲುಗಾರ ಹಿಂದಿನ ಗೋಡೆಯತ್ತ ಕೈ ತೋರಿಸಿದ. ಉದ್ದನೆಯ ಗೋಡೆ, ಅದರ ಬುಡದುದ್ದಕ್ಕೂ ಹುಲ್ಲು, ನಡುನಡುವೆ ಹೊಸ ಮಣ್ಣು.

"ನಮ್ಮದು ಯಾವುದು?"

"ಹೇಳೋಕಾಗಲ್ಲ ಸ್ವಾಮಿ. ಗುರುತು ಇಡೋದಿಲ್ಲ."

ಮೇಷ್ಟ್ರು ಬಿಡಲಿಲ್ಲ. ವಾರ ವಾರ ಬಂದರು, ಅಗೆಯುವವರನ್ನು ಕೇಳಿದರು, ಗಾಡಿಯವನನ್ನು ಹುಡುಕಿದರು. ಯಾರಿಗೂ ನೆನಪಿರಲಿಲ್ಲ. ಕೊನೆಗೆ ಹುಡುಕುವುದನ್ನು ಬಿಟ್ಟು ಮಗಳ ಮನೆಗೆ ಹೋದರು. ಅವಳು ಬಾಗಿಲು ತೆಗೆದಳು. ಒಳಗೆ ಬಾ ಎನ್ನಲಿಲ್ಲ.

"ಜಾಗ ಸಿಕ್ತಮ್ಮ. ಅಂದರೆ... ಸರಿಯಾಗಿ ಗೊತ್ತಿಲ್ಲ. ಒಂದು ಗೋಡೆ ಇದೆ. ಅದರ ಪಕ್ಕ ಎಲ್ಲೋ ಇದೆ."

"ಎಲ್ಲೋ ಏನಿದೆ, ಅಪ್ಪ?"

ಅವರು ಹೊಸ್ತಿಲ ಮೇಲೆ ಕೈಯೂರಿ ಕುಸಿದು ಕೂತರು. "ನನ್ನ ಮೊಮ್ಮಗಳು."

ಮಗಳು ಬಾಗಿಲಿಗೆ ಒರಗಿ ನಿಂತಳು. "ತಲೆ ತುಂಬ ಕೂದಲಿತ್ತಪ್ಪ. ದಾದಿ ಒಂದು ಗಳಿಗೆ ತೋರಿಸಿದಳು. ನೀನು ನೋಡಲೇ ಇಲ್ಲ."

"ನೋಡಲಿಲ್ಲ" ಎಂದರು ಮೇಷ್ಟ್ರು. ಮತ್ತೆ ಅದನ್ನೇ ಹೇಳಿದರು. "ನೋಡಲಿಲ್ಲ ಮಗಳೇ."

ಮರುದಿನ ಇಬ್ಬರೂ ಆ ಗೋಡೆಯ ಹತ್ತಿರ ಹೋದರು. ಅವಳು ಈ ತುದಿಯಿಂದ ಆ ತುದಿಯವರೆಗೆ, ಇಟ್ಟಿಗೆಗಳನ್ನು ಬೆರಳಿನಲ್ಲಿ ಸವರುತ್ತ ನಡೆದಳು. ಮೇಷ್ಟ್ರು ಹಿಂದೆ ಹಿಂದೆ ಹೋದರು. ಬರುವಾಗ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಆದರೂ ಅಂದಿನಿಂದ ಆಗಾಗ ಅಪ್ಪನ ಮನೆಗೆ ಬಂದು, ಅಡಿಗೆ ಮಾಡಿಟ್ಟು, ಅಂಗಿಗೆ ಗುಂಡಿ ಹೊಲಿದುಕೊಟ್ಟು ಹೋಗುತ್ತಿದ್ದಳು. ಆಸ್ಪತ್ರೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ.

ಕೆಲವು ವರ್ಷಗಳ ಮೇಲೆ, ಒಂದು ಬೆಳಿಗ್ಗೆ, ಮೇಷ್ಟ್ರು ಮುಖ ತೊಳೆಯುತ್ತಿದ್ದಂತೆಯೇ ಕುಸಿದುಬಿದ್ದು ತೀರಿಕೊಂಡರು. ಮಗಳು ಹಿಂದಿನ ಗೋಡೆಯ ಹತ್ತಿರ ಜಾಗ ಕೇಳಿದಳು. ಅಲ್ಲಿ ದೊಡ್ಡವರನ್ನು ಮಣ್ಣು ಮಾಡುವುದಿಲ್ಲ ಎಂದರು. ಗೇಟಿನ ಪಕ್ಕ ಜಾಗ ಸಿಕ್ಕಿತು. ಎಲ್ಲ ಮುಗಿದ ಮೇಲೆ ಅವಳು ಗಂಡನನ್ನು ಅಲ್ಲೇ ನಿಲ್ಲಿಸಿ, ಒಬ್ಬಳೇ ಗೋಡೆಯ ಕಡೆಗೆ ನಡೆದಳು.