ಅದಲುಬದಲಾದ ಪಟ್ಟಿಗೂ ವಿವರಣೆ

ಇವತ್ತು ನಮ್ಮ ಲ್ಯಾಬಿನಲ್ಲಿ ಏನಾಯಿತು ಕೇಳಿ, ಗೆಳೆಯರೇ. ಪಿಎಚ್.ಡಿ. ಮಾಡುತ್ತಿರುವ ಭದ್ರಾವತಿಯ ಇಮ್ರಾನ್ ಬಂದವನೇ, "ಮೇಡಂ, ಅಡಿಕೆ ಎಲೆಚುಕ್ಕಿ ರೋಗದ ಒಂಬೈನೂರು ಜೀನ್ ಸಿಕ್ಕಿದಾವೆ" ಎಂದ. ಇಪ್ಪತ್ತಕ್ಕೊಂದು ಸುಳ್ಳು ಬರಬಹುದಾದ ಪರೀಕ್ಷೆಯಲ್ಲಿ ಹದಿನೆಂಟು ಸಾವಿರ ಜೀನ್ ನೋಡಿದರೆ ಅಷ್ಟು ಆಕಸ್ಮಿಕವಾಗಿಯೇ ಸಿಗುತ್ತವೆ. ಹೇಳಿದರೆ ಒಪ್ಪಲಿಲ್ಲ.

ರೋಗದ ಎಲೆ ಯಾವುದು, ಆರೋಗ್ಯದ್ದು ಯಾವುದು ಎಂಬ ಗುರುತುಗಳನ್ನು ಚೀಟಿ ಎತ್ತಿದಂತೆ ಅದಲುಬದಲು ಮಾಡಿ, ಅದೇ ಪರೀಕ್ಷೆ ಮತ್ತೆ ನಡೆಸಿ, ಬಂದ ಹೊಸ ಜೀನ್ ಪಟ್ಟಿಯನ್ನು ವಿಷಯ ಹೇಳದೆ ಅವನ ಕೈಗಿಟ್ಟೆ. "ಇದು ಶಿಲೀಂಧ್ರ ತಡೆಯೋದು ಮೇಡಂ, ಇದು ಎಲೆಗೆ ಕಾವಲು" ಎಂದು ಕಾಫಿ ಆರುವವರೆಗೂ ವಿವರಿಸಿದ. ಆಮೇಲೆ ನಿಜ ಹೇಳಿದೆ.

ಪೆಚ್ಚಾಗಿ ಕೂತು, ಪರೀಕ್ಷೆಯನ್ನು ಇನ್ನಷ್ಟು ಬಿಗಿ ಮಾಡಿ ಅಸಲಿ ಪಟ್ಟಿಯಿಂದ ಸುಳ್ಳುಗಳನ್ನು ತಾನೇ ಸೋಸಿದ. ನಾಲ್ಕು ಉಳಿದವು.

"ಇವು ಯಾಕೆ ಬಂದಿದಾವೆ ಅಂತ ಗೊತ್ತಾಗ್ತಿಲ್ಲ ಮೇಡಂ."

"ಹಾಗಾದ್ರೆ ನಿನ್ನ ಪಿಎಚ್.ಡಿ. ಇವತ್ತು ಶುರುವಾಯ್ತು ಮಾರಾಯ."