ಮುನಿಯಮ್ಮನ ಹೆರಿಗೆ

ಐವತ್ತರ ದಶಕ ಮುಗಿಯುತ್ತಿದ್ದ ವರ್ಷಗಳಲ್ಲಿ ನಾನು ಬಂಗಾರಪೇಟೆಯ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಲೇಡಿ ಡಾಕ್ಟರ್ ಆಗಿದ್ದೆ. ಡಾಕ್ಟರ್ ಎಂಬ ಬೋರ್ಡಿತ್ತು, ಆಪರೇಶನ್ ಥಿಯೇಟರ್ ಇರಲಿಲ್ಲ. ಸರ್ಕಾರ ಕಳಿಸುವ ಔಷಧಿ ತಿಂಗಳ ನಡುವೆಯೇ ಮುಗಿಯುತ್ತಿತ್ತು. ರೈಲಿನಲ್ಲಿ ಸ್ವಲ್ಪ ದೂರ ಹೋದರೆ ಚಿನ್ನದ ಗಣಿ. ಅಲ್ಲಿನ ಆಸ್ಪತ್ರೆಯಲ್ಲಿ ಸರ್ಜನ್, ಎಕ್ಸ್-ರೇ ಎಲ್ಲವೂ ಇದ್ದವು. ಆದರೆ ಅದು ಗಣಿ ಕೆಲಸಗಾರರಿಗೆ, ಅವರ ಹೆಂಡತಿ ಮಕ್ಕಳಿಗೆ ಮಾತ್ರ.

ಒಂದು ಬೆಳಿಗ್ಗೆ ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ್ದ ಉರಿಗಾಂ ಲೈನ್ ಮನೆಗಳಿಂದ ಗಣಿ ಕೆಲಸಗಾರನ ಹೆಂಡತಿ ಮುನಿಯಮ್ಮ, ನೋವು ತಿನ್ನುತ್ತಿದ್ದ ಮಗಳು ಲಕ್ಷ್ಮಿಯನ್ನು ರೈಲಿನಲ್ಲಿ ಕರೆತಂದಳು.

"ಅಷ್ಟು ದೊಡ್ಡ ಆಸ್ಪತ್ರೆ ಪಕ್ಕದಲ್ಲಿಟ್ಟುಕೊಂಡು ಇಲ್ಲಿಗೇಕೆ ಕರೆತಂದೆ?" ಎಂದು ರೇಗಿದೆ.

"ಲಗ್ನ ಆದ ಮಗ್ಳು ಗಂಡನ ಮನೆಯೋಳಂತೆ, ಸೇರಿಸ್ಕೊಳಲ್ಲ ಅಂದ್ರಮ್ಮಾ. ಅವ್ಳ ಗಂಡ ಅಳ್ಳೀಲಿ ಕೂಲಿ ಮಾಡ್ತಾನೆ. ಚೊಚ್ಚಲ ಬಾಣಂತನ ತವರಲ್ಲೇ ಮಾಡ್ಬೇಕಲ್ವಾ?"

ಪರೀಕ್ಷಿಸಿದೆ. ಮಗು ಅಡ್ಡಲಾಗಿತ್ತು. ಸಿಸೇರಿಯನ್, ಅಂದರೆ ಹೊಟ್ಟೆ ಕೊಯ್ದು ಮಗು ತೆಗೆಯದಿದ್ದರೆ ಇಬ್ಬರೂ ಉಳಿಯುವಂತಿರಲಿಲ್ಲ. ಬೆಂಗಳೂರು ಮುಟ್ಟುವಷ್ಟು ಸಮಯವಿರಲಿಲ್ಲ. ಅಕ್ಕಿ ಮಂಡಿಯ ಲಾರಿ ಹಿಡಿದು ಅವರನ್ನು ಹತ್ತಿಸಿ, ನಾನೂ ಹತ್ತಿದೆ. ಗಣಿ ಆಸ್ಪತ್ರೆಯವರು ಮತ್ತೆ ಬಾಗಿಲು ಹಾಕಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಬಾಗಿಲಲ್ಲಿ ಗುಮಾಸ್ತ ಅದೇ ರಾಗ ತೆಗೆದ: "ರೂಲ್ಸ್ ಪ್ರಕಾರ ಮದುವೆಯಾದ ಮಗಳು ಕುಟುಂಬಕ್ಕೆ ಸೇರಲ್ಲಮ್ಮ."

ನಾನು ಬಾಯಿ ತೆರೆಯುವ ಮೊದಲೇ ಮುನಿಯಮ್ಮ ಮುಂದೆ ಬಂದಳು. "ಅಂಗಾರೆ ನಾನೇ ಬಸ್ರಿ ಅಂತ ಬರ್ಕೊಳಪ್ಪಾ! ನಾನು ಇಲ್ಲಿ ಕೆಲ್ಸ ಮಾಡೋನ ಎಂಡ್ತಿ ತಾನೆ? ಕೂಸ್ನ ಸಾಕೋಳೂ ನಾನೇ!"

ಗಲಾಟೆ ಕೇಳಿ ಸರ್ಜನ್ ಹೊರಗೆ ಬಂದರು. ಸ್ಟ್ರೆಚರ್ ಮೇಲಿದ್ದ ಹುಡುಗಿಯನ್ನು ನೋಡಿದರು, ಮುನಿಯಮ್ಮನ ನರೆಗೂದಲನ್ನೂ ನೋಡಿದರು. "ಬರೆದುಕೊಳ್ಳಯ್ಯ. ಮುನಿಯಮ್ಮನಿಗೆ ಥಿಯೇಟರ್ ಸಿದ್ಧಮಾಡಿ" ಎಂದರು.

ಆಪರೇಶನ್‌ನಲ್ಲಿ ನಾನೂ ಕೈಜೋಡಿಸಿದೆ. ಹೆಣ್ಣು ಮಗು ಕಿರುಚಿಕೊಂಡಾಗ ನನಗೆ ಹೋದ ಜೀವ ಬಂದಂತಾಯಿತು. ವರಾಂಡದಲ್ಲಿ ಕೂತು ಮನಸಾರೆ ಅತ್ತೆ.

ಮರುದಿನ ನೋಡಲು ಹೋದಾಗ ಆಯಾ "ಮುನಿಯಮ್ಮ, ಬಾಣಂತಿ ಹಾಲು!" ಎಂದು ಕೂಗುತ್ತಿದ್ದಳು. ಮುನಿಯಮ್ಮ ಗಂಭೀರವಾಗಿ ಲೋಟ ಇಸಿದುಕೊಂಡು ಮಗಳಿಗೆ ಕೊಟ್ಟಳು.

"ಬಾಣಂತಿ ಹೀಗೆಲ್ಲ ಓಡಾಡಬಾರದು" ಎಂದು ಛೇಡಿಸಿದೆ.

"ಏನ್ಮಾಡನಮ್ಮಾ, ಮಗ್ಳನ್ನ ನೋಡ್ಕೊಳೋರು ಯಾರವ್ರೆ?" ಎಂದು ನಕ್ಕಳು.

ಮುಂದೆ ನಾನೇ ಆಸ್ಪತ್ರೆ ನಡೆಸುವ ಹುದ್ದೆಗೆ ಬಂದಾಗ, ನೋವು ತಿನ್ನುತ್ತ ಬಂದವಳನ್ನು ಯಾರ ಹೆಂಡತಿ, ಯಾರ ಮಗಳು ಎಂದು ಬಾಗಿಲಲ್ಲಿ ಕೇಳಲು ಯಾರಿಗೂ ಬಿಡಲಿಲ್ಲ. ಎಲ್ಲ ಹೆಣ್ಣುಮಕ್ಕಳಿಗೂ ಗಣಿ ಲೈನಿನಲ್ಲಿ ಅಮ್ಮ ಇರುವುದಿಲ್ಲ.