ಶಾಂತಕ್ಕ ಒರಗಿ ಕೂತ ಮಧ್ಯಾಹ್ನ

ಪರದೇಶದಲ್ಲಿ ನಾನೀಗಿರುವ ಕ್ರೋಯ್ಡನ್ನಿನ ಹಳೆ ಸಾಮಾನಿನ ಅಂಗಡಿಯಲ್ಲಿ ಇವತ್ತು ಬಹಳ ಹಳೆಯ ಫ್ಯಾಷನ್ ಪತ್ರಿಕೆಯೊಂದು ಕಣ್ಣಿಗೆ ಬಿತ್ತು. ಕಡಲತೀರದ ಹೋಟೆಲು, ಈಜುಕೊಳ, ಅಗಲ ಟೋಪಿಯ ಚೆಲುವೆಯರು.

ಅಂಥದ್ದೇ ಒಂದನ್ನು, ನಾನು ಸಣ್ಣವಳಿದ್ದಾಗ, ಧಾರವಾಡದಲ್ಲಿ ನನ್ನಕ್ಕ ಶಾಂತಾ ರದ್ದಿ ಅಂಗಡಿಯಿಂದ ತಂದು ಹಾಸಿಗೆಯಡಿ ಬಚ್ಚಿಟ್ಟಿದ್ದಳು. ಒಂದು ಮಧ್ಯಾಹ್ನ ಅವ್ವನ ರೇಷ್ಮೆ ಸೀರೆಯನ್ನು ಮೊಣಕಾಲವರೆಗೆ ಸುತ್ತಿಕೊಂಡು, ಅಪ್ಪನ ಕಪ್ಪು ಕನ್ನಡಕ ಹಾಕಿ, ಮಾಳಿಗೆಯ ನೀರಿನ ತೊಟ್ಟಿಗೆ ಆ ಚೆಲುವೆಯರಂತೆ ಒರಗಿ ಕೂತಳು.

ನಾನು ಕೆಳಗೋಡಿ, "ಅಪ್ಪಾ, ಅಕ್ಕ ಎಷ್ಟ ಚಂದ ಕಾಣಾಕತ್ತಾಳ, ಬಂದು ನೋಡು," ಅಂದೆ.

ಮೇಲೆ ಬಂದು ನೋಡಿದ ಅಪ್ಪ ಪತ್ರಿಕೆಯನ್ನು ಹುಡುಕಿ ತೆಗೆದು ಒಲೆಗೆ ಹಾಕಿದರು. ಅಕ್ಕನ ಕಾಲೇಜು ನಿಂತಿತು. ಆ ಬೇಸಿಗೆಯಲ್ಲೇ ಮದುವೆಯಾಯಿತು. ಅಪ್ಪನನ್ನು ಯಾರು ಕರೆದರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇವತ್ತು ಅಕ್ಕನಿಗೆ ಫೋನಿನಲ್ಲಿ, ಕರೆದವಳು ನಾನೇ ಎಂದು ಹೇಳಿಬಿಟ್ಟೆ.

ಅದನ್ನು ಕೇಳಿ ಅಕ್ಕ, "ಅಲ್ಲಿ ಥಂಡಿ ಭಾಳ ಐತೇನವಾ?" ಅಂದಳು.